ಒಂಬತ್ತು ಸೆಕೆಂಡಿನ ರಸ್ತೆ: ಕಾರವಾರ-ಅಂಕೋಲಾ ಹೆದ್ದಾರಿ ಬೆಳೆದ ಕಥೆ

ಕಾರವಾರ, ಅಂಕೋಲಾ ಕಡೆಯ ಕರಾವಳಿ ಹಳ್ಳಿಗಳಿಗೆ ವಯಸ್ಸಾಗಿದೆ. ಮಕ್ಕಳು ಗೋವಾ, ಮುಂಬೈ, ಬೆಂಗಳೂರು, ಗಲ್ಫ್ ಎಂದು ದುಡಿಯಲು ಹೋದ ಮನೆಗಳಲ್ಲಿ ಈಗ ಅಜ್ಜ-ಅಜ್ಜಿ ಇಬ್ಬರೇ. ನಿವೃತ್ತರಾಗಿ ಊರಿಗೆ ಮರಳಿದ ಮಾಸ್ತರರು, ಅಕ್ಕೋರು, ಬ್ಯಾಂಕಿನವರು, ನೌಕಾಪಡೆಯವರು ಬೇರೆ. ನಿವೃತ್ತರ ಊರು ಎಂದು ಯಾರೂ ಬೋರ್ಡು ಹಾಕಿಲ್ಲ. ಆದರೆ ಹಗಲು ಹೊತ್ತಿನಲ್ಲಿ ಊರಲ್ಲಿ ಯಾರಿದ್ದಾರೆ ನೋಡಿ, ಗೊತ್ತಾಗುತ್ತದೆ.

ಈ ಊರುಗಳ ನಡುವೆ ರಾಷ್ಟ್ರೀಯ ಹೆದ್ದಾರಿ 66 ಹಾದುಹೋಗಿದೆ. ಮನೆ ಒಂದು ಬದಿ, ಬಸ್ ಸ್ಟಾಪು ಇನ್ನೊಂದು ಬದಿ. ರೇಷನ್, ಪಿಂಚಣಿ, ಮೀನು, ಮಾತ್ರೆ, ದೇವಸ್ಥಾನ ಯಾವುದಕ್ಕೂ ರಸ್ತೆ ದಾಟಬೇಕು. ಆ ರಸ್ತೆ ಹೇಗೆ ಬೆಳೆಯಿತು, ಅದರ ಜೊತೆ ಕಾನೂನು ಮತ್ತು ಪೊಲೀಸ್ ಕೆಲಸ ಹೇಗೆ ಬೆಳೆಯಿತು ಎಂದು ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಹಾದುಹೋಗುವವರಿಗಾಗಿ ನಿಯಮ ಬಂದಿವೆ, ದಾಟುವವರನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಂಡಿಲ್ಲ.

1862: ಹತ್ತಿ ಗಾಡಿ ಮತ್ತು ಸಾವಿರ ರೂಪಾಯಿ

ಉತ್ತರ ಕನ್ನಡ ಜಿಲ್ಲೆ ಮದ್ರಾಸ್‌ನಿಂದ ಮುಂಬೈ ಪ್ರಾಂತ್ಯಕ್ಕೆ ಸೇರಿದ್ದು 1862ರಲ್ಲಿ. ಆಗ ಅಮೆರಿಕದಲ್ಲಿ ಅಂತರ್ಯುದ್ಧ. ಅಲ್ಲಿಂದ ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿ ಬರುವುದು ನಿಂತಿತ್ತು. ಧಾರವಾಡ ಸೀಮೆಯ ಹತ್ತಿಯನ್ನು ಕಡಲಿಗೆ ಇಳಿಸಲು ಬಂದರು ಬೇಕಿತ್ತು, ಘಟ್ಟದ ದಾರಿ ಬೇಕಿತ್ತು. ಕಾರವಾರ ಪಟ್ಟಣ ಬೆಳೆದದ್ದು ಹಾಗೆ. ಅಂದರೆ ನಮ್ಮ ರಸ್ತೆಗಳನ್ನು ಮೊದಲಿನಿಂದಲೂ ಮಾಡಿದ್ದು ಮೇಲಿನಿಂದ ಕೆಳಗೆ ಸರಕು ಇಳಿಸಲು.

ಅದೇ 1862ರ ಜನವರಿ 1ರಂದು ಭಾರತೀಯ ದಂಡ ಸಂಹಿತೆಯೂ ಜಾರಿಗೆ ಬಂತು. ಅದರ 279ನೇ ಕಲಂ ಅಡ್ಡಾದಿಡ್ಡಿ ಗಾಡಿ ಓಡಿಸುವವರಿಗೆ ಆರು ತಿಂಗಳವರೆಗೆ ಜೈಲು ಅಥವಾ ಒಂದು ಸಾವಿರ ರೂಪಾಯಿವರೆಗೆ ದಂಡ ಎಂದಿತು. ಮೋಟಾರು ಇಲ್ಲದ ಕಾಲದ, ಕುದುರೆ ಗಾಡಿ, ಎತ್ತಿನ ಗಾಡಿಗೆ ಬರೆದ ಕಲಂ ಅದು. ಆ ಕಾಲದ ಸಾವಿರ ರೂಪಾಯಿಗೆ ಜಮೀನು ಬರುತ್ತಿತ್ತು.

2024ರ ಜುಲೈ 1ರಂದು ದಂಡ ಸಂಹಿತೆ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂತು. 279 ಈಗ 281 ಆಗಿದೆ. ಶಿಕ್ಷೆ ಮಾತ್ರ ಅದೇ ಆರು ತಿಂಗಳು, ಅದೇ ಸಾವಿರ ರೂಪಾಯಿ. ಇಂದು ಆ ಹಣಕ್ಕೆ ಹತ್ತು ಲೀಟರ್ ಪೆಟ್ರೋಲ್ ಕೂಡ ಪೂರ್ತಿ ಬರುವುದಿಲ್ಲ. ನಿರ್ಲಕ್ಷ್ಯದಿಂದ ಸಾವು ಉಂಟುಮಾಡಿದರೆ ಇದ್ದ ಶಿಕ್ಷೆ ಮಾತ್ರ ಎರಡು ವರ್ಷದಿಂದ ಐದು ವರ್ಷಕ್ಕೆ ಏರಿದೆ. ಅತಿವೇಗಕ್ಕೆ, ಕುಡಿದು ಓಡಿಸುವುದಕ್ಕೆ ಮೋಟಾರು ವಾಹನ ಕಾಯ್ದೆಯಲ್ಲಿ ಬೇರೆ ದಂಡಗಳಿವೆ.

ಹೊಳೆಯೇ ವೇಗಕ್ಕೆ ಮಿತಿ

ನಮ್ಮ ಹಿರಿಯರು ನೋಡಿದ ಕರಾವಳಿ ರಸ್ತೆ ನಿಧಾನದ ರಸ್ತೆ. ಗೋವಾ 1961ರ ಡಿಸೆಂಬರ್‌ವರೆಗೆ ಪೋರ್ಚುಗೀಸರ ಕೈಯಲ್ಲಿತ್ತು. ಹಾಗಾಗಿ ನಮ್ಮ ದೇಶದ ಮಟ್ಟಿಗೆ ರಸ್ತೆ ಮಾಜಾಳಿಯಲ್ಲೇ ಮುಗಿಯುತ್ತಿತ್ತು. ಅದಕ್ಕೂ ಮೊದಲು ಕಾಳಿ ನದಿ ಅಡ್ಡ. ಕೋಡಿಬಾಗದಲ್ಲಿ ಇಳಿದು, ನೀರು ದಾಟಿ, ಸದಾಶಿವಗಡದಲ್ಲಿ ಹತ್ತಬೇಕು. ವೇಗದ ಮಿತಿ ಹಾಕಲು ಬೋರ್ಡು ಬೇಕಿರಲಿಲ್ಲ, ಹೊಳೆಯೇ ಆ ಕೆಲಸ ಮಾಡುತ್ತಿತ್ತು.

1956ರ ನವೆಂಬರ್ 1ರಂದು ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಕರಾವಳಿ ರಸ್ತೆ ಪನವೇಲ್‌ನಿಂದ ಕೇರಳದವರೆಗಿನ ರಾಷ್ಟ್ರೀಯ ಹೆದ್ದಾರಿ 17ರ ಭಾಗವಾಯಿತು. 1980ರ ದಶಕದ ಆರಂಭದಲ್ಲಿ ಕಾಳಿ ಸೇತುವೆಯೂ ಆಯಿತು. ಆಸ್ಪತ್ರೆ, ಕೆಲಸ, ಮದುವೆ ಎಲ್ಲದಕ್ಕೂ ಗೋವಾ ಹತ್ತಿರವಾಯಿತು. ಇದು ದೊಡ್ಡ ಉಪಕಾರವೇ. ಜೊತೆಗೆ, ಊರಿಗೆ ಬರುವವರ ರಸ್ತೆ ಊರನ್ನು ದಾಟಿ ಹೋಗುವವರ ರಸ್ತೆಯಾಯಿತು.

1986ರಲ್ಲಿ ಸೀಬರ್ಡ್ ನೌಕಾನೆಲೆಗೆ ಅಡಿಗಲ್ಲು ಬಿತ್ತು. ಮುಂದೆ ಹದಿಮೂರು ಹಳ್ಳಿಗಳ ನಾಲ್ಕು ಸಾವಿರಕ್ಕೂ ಹೆಚ್ಚು ಕುಟುಂಬಗಳು ಮನೆ, ಗದ್ದೆ, ಕಡಲತೀರ ಬಿಟ್ಟು ಎದ್ದವು. ತೋಡೂರು, ಹಾರವಾಡದಂಥ ಕಡೆ ಪುನರ್ವಸತಿ ಕಾಲನಿಗಳಾದವು. ಅಂಗಳದಿಂದ ನೇರ ಕಡಲಿಗೆ ಇಳಿಯುತ್ತಿದ್ದವರು ಹೆದ್ದಾರಿಯ ಹತ್ತಿರ ಬಂದು ನೆಲೆಸಿದರು. ಅಂದು ಮೂವತ್ತು, ನಲವತ್ತರಲ್ಲಿದ್ದವರು ಇಂದು ಕೋಲು ಹಿಡಿದಿದ್ದಾರೆ.

ಅದಿರು ಲಾರಿ ಕಲಿಸಿದ ಪಾಠ

2000ದ ದಶಕದಲ್ಲಿ ಚೀನಾಕ್ಕೆ ಕಬ್ಬಿಣದ ಅದಿರು ಬೇಕಾಯಿತು. ಬಳ್ಳಾರಿ ಸೀಮೆಯ ಅದಿರು ಅರಬೈಲ್ ಘಟ್ಟ ಇಳಿದು ಬೇಲೆಕೇರಿ, ಕಾರವಾರ ಬಂದರಿಗೆ ಬಂತು. ರಸ್ತೆ ಬದಿಯ ಮರ, ಮನೆ, ಒಗೆದು ಹಾಕಿದ ಬಟ್ಟೆ ಎಲ್ಲ ಕೆಂಪಾದದ್ದು ಅಂಕೋಲಾದವರಿಗೆ ನೆನಪಿದೆ.

2010ರ ಜುಲೈನಲ್ಲಿ ರಾಜ್ಯ ಸರ್ಕಾರ ಅದಿರು ರಫ್ತು ನಿಲ್ಲಿಸಿತು. 2011ರ ಲೋಕಾಯುಕ್ತ ವರದಿ ಅಕ್ರಮ ಗಣಿಯ ಜೊತೆಗೆ ಮಿತಿಮೀರಿ ಹೇರಿದ ಲಾರಿಗಳ ವಿಷಯವನ್ನೂ ಎತ್ತಿತು. ಹೆಚ್ಚು ಭಾರ ಹೇರಬಾರದು ಎಂಬ ಕಾನೂನು ಆಗಲೂ ಇತ್ತು. ತಡೆಯಲು ಆರ್‌ಟಿಒ, ಪೊಲೀಸ್, ಗಣಿ, ಅರಣ್ಯ, ಬಂದರು ಇಲಾಖೆ ಎಲ್ಲವೂ ಇದ್ದವು. ಎಲ್ಲರಿಗೂ ಸೇರಿದ ಕೆಲಸ ಕೊನೆಗೆ ಯಾರದ್ದೂ ಆಗಲಿಲ್ಲ. ಇಂದಿನ ಹೆದ್ದಾರಿಗೂ ಈ ಮಾತು ಸಲ್ಲುತ್ತದೆ.

ನಾಲ್ಕು ಪಥ, ಒಂದು ಕೋಲು

ಹೆದ್ದಾರಿ 17ಕ್ಕೆ 2010ರಲ್ಲಿ 66 ಎಂಬ ಹೊಸ ಸಂಖ್ಯೆ ಸಿಕ್ಕಿತು. ನಂತರದ ವರ್ಷಗಳಲ್ಲಿ ಗೋವಾ ಗಡಿಯಿಂದ ಕುಂದಾಪುರದವರೆಗೆ ಸುಮಾರು 190 ಕಿ.ಮೀ. ನಾಲ್ಕು ಪಥ ಮಾಡುವ ಕೆಲಸ ಐಆರ್‌ಬಿ ಕಂಪನಿಗೆ ಹೋಯಿತು. ಪೂರ್ತಿ ಮುಗಿಯುವ ಮೊದಲೇ, 2020ರಲ್ಲಿ, ಅಂಕೋಲಾದ ಹಟ್ಟಿಕೇರಿ ಟೋಲ್‌ನಲ್ಲಿ ಹಣ ಪಡೆಯಲು ಶುರುವಾಯಿತು. ಕಾರವಾರ ನಗರಕ್ಕೆ ಮೇಲ್ಸೇತುವೆ ಬಂತು, ಎಷ್ಟೋ ಹಳ್ಳಿಗಳಿಗೆ ಸಿಕ್ಕಿದ್ದು ಡಿವೈಡರ್ ಮಾತ್ರ.

ಒಂದು ಸಣ್ಣ ಲೆಕ್ಕ ಮಾಡೋಣ. ಹೆದ್ದಾರಿಯ ಒಂದು ಬದಿಯ ಎರಡು ಪಥ ಸೇರಿ ಸುಮಾರು 7 ಮೀಟರ್ ಅಗಲ. ಮಂಡಿ ನೋವಿರುವ ಹಿರಿಯರು ಸೆಕೆಂಡಿಗೆ ಮುಕ್ಕಾಲು ಮೀಟರಿನಷ್ಟು ನಡೆಯುತ್ತಾರೆ ಎಂದುಕೊಳ್ಳಿ. ಡಿವೈಡರ್ ಮುಟ್ಟಲು ಒಂಬತ್ತು ಸೆಕೆಂಡು ಬೇಕು. 80 ಕಿ.ಮೀ. ವೇಗದ ಲಾರಿ ಅಷ್ಟರಲ್ಲಿ 200 ಮೀಟರ್ ಬಂದಿರುತ್ತದೆ. ನೂರರಲ್ಲಿ ಬರುವ ಕಾರು 250 ಮೀಟರ್. ಡಿವೈಡರ್ ಇರುವ ನಾಲ್ಕು ಪಥದ ರಸ್ತೆಯಲ್ಲಿ ಕಾರಿಗೆ 100 ಕಿ.ಮೀ.ವರೆಗೆ ಅವಕಾಶ ಇದೆ ಎಂದು ಕೇಂದ್ರ ಸರ್ಕಾರ 2018ರಲ್ಲೇ ಹೇಳಿದೆ. ಅಂದರೆ ಅಜ್ಜಿ ಕಾಲು ಇಡುವಾಗ ಆ ಕಾರು ತಿರುವಿನಾಚೆ, ಕಣ್ಣಿಗೇ ಬೀಳದಷ್ಟು ದೂರದಲ್ಲಿರಬಹುದು. "ನೋಡಿಕೊಂಡು ದಾಟಬಾರದಾ ಆಯಿ?" ಎಂದು ಬೈಯುವ ಮೊದಲು ಈ ಲೆಕ್ಕ ನೆನಪಿರಲಿ. ನೋಡಿಯೇ ದಾಟಿರುತ್ತಾರೆ.

ಪೊಲೀಸರು ಎಲ್ಲಿ ನಿಲ್ಲುತ್ತಾರೆ?

ಮೋಟಾರು ವಾಹನಗಳಿಗೆ ಇಡೀ ದೇಶಕ್ಕೆ ಮೊದಲ ಕಾಯ್ದೆ ಬಂದದ್ದು 1914ರಲ್ಲಿ, ಎರಡನೆಯದು 1939ರಲ್ಲಿ, ಈಗಿನದು 1988ರಲ್ಲಿ. 2019ರ ತಿದ್ದುಪಡಿಯಲ್ಲಿ ದಂಡಗಳು ಏರಿದವು. ಇವೆಲ್ಲದರ ಕಣ್ಣು ಹೆಚ್ಚಾಗಿ ವಾಹನದ ಮೇಲೆ, ಓಡಿಸುವವನ ಮೇಲೆ: ಲೈಸೆನ್ಸ್, ವಿಮೆ, ಹೆಲ್ಮೆಟ್, ಬೆಲ್ಟ್. ಮಾಜಾಳಿಯ ತಪಾಸಣೆ ಎಂದರೆ ನಮಗೆ ನೆನಪಾಗುವುದು ಗೋವಾ ಬಾಟಲಿ.

ಪೊಲೀಸರನ್ನು ಬೈದರೆ ಮುಗಿಯುವುದಿಲ್ಲ. ಹೆಲ್ಮೆಟ್ ತಪಾಸಣೆಯಿಂದ ಜೀವ ಉಳಿದಿದೆ, ಅದರಲ್ಲಿ ಅನುಮಾನ ಬೇಡ. ಆದರೆ ನಡೆದು ದಾಟುವವರಿಗೆ ಅದರಿಂದ ಸಿಗುವುದು ಏನೂ ಇಲ್ಲ. ದೇಶದಲ್ಲಿ 2022ರಲ್ಲಿ ರಸ್ತೆ ಅಪಘಾತದಲ್ಲಿ ಸತ್ತವರು 1,68,491 ಜನ. ಅದರಲ್ಲಿ 32,825 ಜನ ಪಾದಚಾರಿಗಳು, ಅಂದರೆ ಐವರಲ್ಲಿ ಒಬ್ಬರು.

ಎಲ್ಲಿ ರಸ್ತೆ ಸರಿಪಡಿಸಬೇಕು ಎಂದು ತೀರ್ಮಾನಿಸುವ ಲೆಕ್ಕವೂ ಹಾಗೇ ಇದೆ. ಹೆದ್ದಾರಿಯ 500 ಮೀಟರ್ ಒಳಗೆ, ಮೂರು ವರ್ಷದಲ್ಲಿ, ಸಾವು ಅಥವಾ ತೀವ್ರ ಗಾಯದ ಐದು ಅಪಘಾತ ಆಗಬೇಕು, ಇಲ್ಲವೇ ಹತ್ತು ಜನ ಸಾಯಬೇಕು. ಆಗ ಅದು ಬ್ಲ್ಯಾಕ್ ಸ್ಪಾಟ್. ನಮ್ಮ ಹಳ್ಳಿಯ ಕ್ರಾಸಿನಲ್ಲಿ ವರ್ಷಕ್ಕೊಬ್ಬರು ಹಿರಿಯರು ಸತ್ತರೂ ಮೂರು ವರ್ಷಕ್ಕೆ ಮೂರೇ ಆಯಿತು. ಪಟ್ಟಿಗೆ ಸೇರುವುದಿಲ್ಲ. ಊರಿಗೆ ದೊಡ್ಡ ದುಃಖ, ಕಡತಕ್ಕೆ ಸಾಲದ ಸಂಖ್ಯೆ.

ಗಾಯವಾದ ಮೇಲೆ ಇನ್ನೊಂದು ಪ್ರಯಾಣ: ಗೋವಾ, ಮಣಿಪಾಲ ಅಥವಾ ಹುಬ್ಬಳ್ಳಿಗೆ. 2022ರ ಜುಲೈನಲ್ಲಿ ಹೊನ್ನಾವರದಿಂದ ರೋಗಿಯನ್ನು ಒಯ್ಯುತ್ತಿದ್ದ ಆಂಬುಲೆನ್ಸ್ ಬೈಂದೂರು ಬಳಿಯ ಶಿರೂರು ಟೋಲ್‌ನಲ್ಲಿ ಮಳೆಗೆ ಜಾರಿ ಉರುಳಿ ನಾಲ್ವರು ಸತ್ತರು. ಜಿಲ್ಲೆಗೆ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂಬ ಕೂಗು ಮತ್ತೆ ಎದ್ದದ್ದು ಆಗಲೇ.

2024: ರಸ್ತೆ ಮಾಡಿದವರ ಮೇಲೇ ಕೇಸು

2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ (ಇದು ಬೈಂದೂರಿನ ಶಿರೂರು ಅಲ್ಲ) ಗುಡ್ಡ ಕುಸಿದು ಹೆದ್ದಾರಿ ಬದಿಯ ಚಹಾ ಅಂಗಡಿಯನ್ನೂ ನಿಂತ ವಾಹನಗಳನ್ನೂ ಗಂಗಾವಳಿಗೆ ತಳ್ಳಿತು. ರಸ್ತೆಗಾಗಿ ಗುಡ್ಡ ಕಡಿದ ರೀತಿ ಪ್ರಶ್ನೆಗೆ ಒಳಗಾಯಿತು. ಮೂರು ವಾರ ಕಳೆದಿತ್ತಷ್ಟೆ, ಆಗಸ್ಟ್ 7ರ ನಡುರಾತ್ರಿ ಕಾಳಿಯ ಹಳೆ ಸೇತುವೆ ಕುಸಿಯಿತು. ಲಾರಿಯೊಂದು ನೀರಿಗೆ ಬಿತ್ತು. ಚಾಲಕನನ್ನು ಮೀನುಗಾರರು, ಪೊಲೀಸರು ಸೇರಿ ಉಳಿಸಿದರು.

ಸೇತುವೆ ಪ್ರಕರಣದಲ್ಲಿ ಪೊಲೀಸರು ಕೇಸು ಹಾಕಿದ್ದು ಚಾಲಕನ ಮೇಲಲ್ಲ, ಹೆದ್ದಾರಿ ಪ್ರಾಧಿಕಾರ ಮತ್ತು ಗುತ್ತಿಗೆ ಕಂಪನಿಯ ಮೇಲೆ. 1862ರಿಂದ ಗಾಡಿ ಓಡಿಸುವವನನ್ನೇ ಹುಡುಕುತ್ತಿದ್ದ ಕಾನೂನು ರಸ್ತೆ ಮಾಡಿದವರ ಕಡೆಗೂ ತಿರುಗಿತು. ಇದಕ್ಕೆ ಮೋಟಾರು ವಾಹನ ಕಾಯ್ದೆಯಲ್ಲೂ ಜಾಗ ಇದೆ. 2019ರಲ್ಲಿ ಸೇರಿಸಿದ 198ಎ ಕಲಂ ಪ್ರಕಾರ, ರಸ್ತೆಯ ವಿನ್ಯಾಸ, ನಿರ್ಮಾಣ, ನಿರ್ವಹಣೆಯಲ್ಲಿ ಸುರಕ್ಷತಾ ನಿಯಮ ಪಾಲಿಸದೆ ಸಾವು ಅಥವಾ ಅಂಗವೈಕಲ್ಯ ಆದರೆ ಹೊಣೆಗಾರರಿಗೆ ಒಂದು ಲಕ್ಷ ರೂಪಾಯಿವರೆಗೆ ದಂಡ. ಮೊತ್ತ ಸಣ್ಣದು. ಆದರೆ ತಪ್ಪು ರಸ್ತೆಯದ್ದೂ ಇರಬಹುದು ಎಂದು ಕಾನೂನು ಒಪ್ಪಿದ್ದು ಸಣ್ಣದಲ್ಲ.

ಊರು ಏನು ಕೇಳಬಹುದು

ಮೊದಲು ನೆನಪಾಗುವುದು ಹಂಪ್. ರಾಷ್ಟ್ರೀಯ ಹೆದ್ದಾರಿಯಲ್ಲಿ ಹಂಪ್ ಇರಬಾರದು ಎಂಬುದು ಕೇಂದ್ರದ ನಿಲುವು, ಆದ್ದರಿಂದ ಆ ಅರ್ಜಿ ವಾಪಸ್ ಬರುತ್ತದೆ. ಬೇರೆ ದಾರಿಗಳಿವೆ. ಸಿಂಗಾಪುರದಲ್ಲಿ 2014ರಿಂದ ಹಿರಿಯರು ಹೆಚ್ಚಿರುವ ಬಡಾವಣೆಗಳಲ್ಲಿ 'ಸಿಲ್ವರ್ ಝೋನ್' ಮಾಡುತ್ತಿದ್ದಾರೆ. ಅಲ್ಲಿ ವೇಗ ಕಡಿಮೆ, ರಸ್ತೆ ಕಿರಿದು, ನಡುವೆ ನಿಂತು ಉಸಿರು ತೆಗೆದುಕೊಳ್ಳಲು ಜಾಗ. ಹೆದ್ದಾರಿಯನ್ನು ಹಾಗೆ ಕಿರಿದು ಮಾಡಲು ಆಗುವುದಿಲ್ಲ. ಆದರೆ ದಾಟುವಲ್ಲಿ ದೀಪ, ಡಿವೈಡರ್ ನಡುವೆ ಸುರಕ್ಷಿತವಾಗಿ ನಿಲ್ಲುವ ಜಾಗ, ವೇಗ ಹಿಡಿಯುವ ಕ್ಯಾಮೆರಾ, ಸರ್ವಿಸ್ ರಸ್ತೆ, ಅಂಡರ್‌ಪಾಸ್ ಕೇಳಬಹುದು.

ಯಾರನ್ನು ಕೇಳಬೇಕು? ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಯನ್ನು. ಪ್ರತಿ ಜಿಲ್ಲೆಯಲ್ಲೂ ಇಂಥ ಸಮಿತಿ ಇರಬೇಕೆಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದೆ. ಜಿಲ್ಲಾಧಿಕಾರಿ ಅದರ ಅಧ್ಯಕ್ಷರು. ಪೊಲೀಸ್, ಆರ್‌ಟಿಒ, ಹೆದ್ದಾರಿಯವರು ಒಂದೇ ಮೇಜಿಗೆ ಬರುವ ಜಾಗ ಅದು. ಗ್ರಾಮಸಭೆಯಲ್ಲಿ ಠರಾವು ಮಾಡಿ, ಹತ್ತು ವರ್ಷದಲ್ಲಿ ನಿಮ್ಮ ಕ್ರಾಸಿನಲ್ಲಿ ಬಿದ್ದವರ, ಸತ್ತವರ ಪಟ್ಟಿ ತಾರೀಖಿನ ಸಮೇತ ಬರೆದು ಕಳಿಸಿ.

ಪಟ್ಟಿ ಆಗಬೇಕಾದರೆ ಪ್ರತಿ ಅಪಘಾತಕ್ಕೂ ಪೊಲೀಸ್ ದೂರು ಇರಬೇಕು. ಗುದ್ದಿದ ವಾಹನ ಸಿಗದೆ ಹೋದರೂ ದೂರು ಕೊಡಿ. ಅಂಥ ಪ್ರಕರಣದಲ್ಲಿ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50 ಸಾವಿರ ರೂಪಾಯಿ ಪರಿಹಾರ ಇದೆ. ಬಿದ್ದವರನ್ನು ಆಸ್ಪತ್ರೆಗೆ ಸೇರಿಸಿದವರನ್ನು ಸಾಕ್ಷಿ ಹೇಳಲೇಬೇಕೆಂದು ಒತ್ತಾಯಿಸುವಂತಿಲ್ಲ, ಹೆದರಬೇಡಿ.

ಬಡಿಗೇರಿಯ ಸುಕ್ರಿ ಬೊಮ್ಮಗೌಡರು ಸಾರಾಯಿ ವಿರುದ್ಧ ನಿಂತಾಗ ಅವರ ಕೈಯಲ್ಲಿ ಲಾಠಿ ಇರಲಿಲ್ಲ. ಊರಿನ ಹೆಂಗಸರು ಜೊತೆಗಿದ್ದರು, ಅದಕ್ಕೇ ಮಾತು ನಡೆಯಿತು. ಹೆದ್ದಾರಿಯ ವಿಷಯದಲ್ಲೂ ಶುರು ಊರಿನಿಂದಲೇ ಆಗಬೇಕು. ಮುಂದಿನ ಗ್ರಾಮಸಭೆಗೆ ಅಜ್ಜ-ಅಜ್ಜಿಯರನ್ನೂ ಕರೆದುಕೊಂಡು ಹೋಗಿ. ಯಾವ ಜಾಗದಲ್ಲಿ ದಾಟಲು ಭಯ ಎಂದು ಅವರೇ ಹೇಳಲಿ, ಕಾರ್ಯದರ್ಶಿ ಬರೆದುಕೊಳ್ಳಲಿ.