ಕ್ಯಾಮರಾ ಕಳವಾದರೆ ಅದರ ಬೆಲೆ ಎಷ್ಟು? ಪೊಲೀಸ್, ವಿಮೆ, ಕೋರ್ಟ್ ಲೆಕ್ಕ ಹಾಕುವ ಬಗೆ

ಮಂಜೇಶ್ವರ, ಉಪ್ಪಳ, ಕುಂಬಳೆಯಿಂದ ಉಳ್ಳಾಲದವರೆಗೆ ನಮ್ಮ ಎಷ್ಟೋ ಯುವಕರು ಮದುವೆ ಫೋಟೋಗ್ರಫಿಯಿಂದಲೇ ಮನೆ ನಡೆಸುತ್ತಿದ್ದಾರೆ. ಸಾಲ ಮಾಡಿ, ಕಂತು ಕಟ್ಟಿ ತೆಗೆದ ಕ್ಯಾಮರಾ, ಲೆನ್ಸ್ ಎಲ್ಲ ಒಂದೇ ಬ್ಯಾಗಿನಲ್ಲಿ ಇರ್ತದೆ. ಹಾಲ್‌ನ ಮೂಲೆಯಲ್ಲಿಟ್ಟು ಊಟಕ್ಕೆ ಹೋಗಿ ಬರುವಷ್ಟರಲ್ಲಿ ಆ ಬ್ಯಾಗ್ ಮಾಯವಾದರೆ ಎಲ್ಲರೂ ಕೇಳುವ ಪ್ರಶ್ನೆ ಒಂದೇ: "ಎಷ್ಟರದ್ದು ಹೋಯ್ತು?" ಇದಕ್ಕೆ ಒಂದೇ ಉತ್ತರ ಇಲ್ಲ. ಯಾರು ಕೇಳುತ್ತಾರೆ ಎಂಬುದರ ಮೇಲೆ ಬೆಲೆ ಬದಲಾಗ್ತದೆ.

ಒಂದು ಕ್ಯಾಮರಾಕ್ಕೆ ನಾಲ್ಕು ಬೆಲೆ

ಮೂರು ವರ್ಷದ ಹಿಂದೆ 2 ಲಕ್ಷ ರೂಪಾಯಿಗೆ ತೆಗೆದ ಕ್ಯಾಮರಾ ಎಂದಿಟ್ಟುಕೊಳ್ಳಿ.

1. ಬಿಲ್ ಬೆಲೆ: ಅಂದು ಕೊಟ್ಟ 2 ಲಕ್ಷ.
2. ಪುಸ್ತಕದ ಬೆಲೆ: ಆದಾಯ ತೆರಿಗೆ ಲೆಕ್ಕದಲ್ಲಿ ಕ್ಯಾಮರಾದಂಥ ಉಪಕರಣಕ್ಕೆ ವರ್ಷಕ್ಕೆ ಶೇ. 15 ಸವಕಳಿ. ಪೂರ್ಣ ಮೂರು ವರ್ಷ ಕಳೆದರೆ 1,70,000, ಆಮೇಲೆ 1,44,500, ಕೊನೆಗೆ 1,22,825 ರೂ.
3. ಮಾರುಕಟ್ಟೆ ಬೆಲೆ: ಅದೇ ಸ್ಥಿತಿಯ ಸೆಕೆಂಡ್ ಹ್ಯಾಂಡ್ ಕ್ಯಾಮರಾ ಇವತ್ತು ಎಷ್ಟಕ್ಕೆ ಸಿಗ್ತದೋ ಅಷ್ಟು.
4. ಬದಲಿ ಬೆಲೆ: ಅದೇ ಮಟ್ಟದ ಹೊಸ ಕ್ಯಾಮರಾ ಇವತ್ತು ತೆಗೆಯಲು ಬೇಕಾದ ದುಡ್ಡು.

ಈ ನಾಲ್ಕನ್ನು ಕಲಸಿಕೊಳ್ಳುವುದರಿಂದಲೇ ಹೆಚ್ಚಿನ ಜಗಳ ಹುಟ್ಟುವುದು.

ಹಳೇ ಕ್ಯಾಮರಾದ ದರ ನಿಲ್ಲುವುದು ಯಾವುದರ ಮೇಲೆ?

ಮೊದಲನೆಯದು ಶಟರ್ ಕೌಂಟ್. ವಾಹನಕ್ಕೆ ಕಿಲೋಮೀಟರ್ ಇದ್ದ ಹಾಗೆ ಕ್ಯಾಮರಾಕ್ಕೆ ಇದು. ಕ್ಯಾನನ್ 5ಡಿ ಮಾರ್ಕ್ 4ರ ಶಟರ್ ಅನ್ನು 1.5 ಲಕ್ಷ, ನಿಕಾನ್ ಡಿ850ರದ್ದನ್ನು 2 ಲಕ್ಷ ಕ್ಲಿಕ್‌ಗೆ ಪರೀಕ್ಷಿಸಲಾಗಿದೆ. ಸೀಸನ್‌ನಲ್ಲಿ ಬಿಡುವಿಲ್ಲದೆ ಮದುವೆ ತೆಗೆಯುವವರಿಗೆ ಇದು ದೊಡ್ಡ ಸಂಖ್ಯೆ ಅಲ್ಲ.

ಎರಡನೆಯದು ಮಾಡೆಲ್. 2018ರಲ್ಲಿ ಕ್ಯಾನನ್, ನಿಕಾನ್ ಎರಡೂ ಫುಲ್‌ಫ್ರೇಮ್ ಮಿರರ್‌ಲೆಸ್‌ಗೆ ಇಳಿದ ಮೇಲೆ ಡಿಎಸ್‌ಎಲ್‌ಆರ್‌ಗಳ ದರ ಕೆಳಗಿಳಿಯಿತು. ಒಳ್ಳೆಯ ಲೆನ್ಸ್ ಮಾತ್ರ ಬಾಡಿಗಿಂತ ನಿಧಾನವಾಗಿ ಬೆಲೆ ಕಳೆದುಕೊಳ್ಳುತ್ತದೆ. ಆದ್ದರಿಂದ ಬಾಡಿ, ಲೆನ್ಸ್, ಫ್ಲ್ಯಾಶ್, ಬ್ಯಾಟರಿ, ಕಾರ್ಡ್ ಎಲ್ಲವನ್ನೂ ಬೇರೆ ಬೇರೆಯಾಗಿ ಬರೆಯಿರಿ. "ಕ್ಯಾಮರಾ ಬ್ಯಾಗ್ ಒಂದು" ಎಂದು ಬರೆದರೆ ನಷ್ಟ ನಿಮಗೇ.

ಗಲ್ಫ್‌ನಿಂದ ತಂದದ್ದಾದರೆ

ನಮ್ಮಲ್ಲಿ ಇದು ಸಾಮಾನ್ಯ. ಅಣ್ಣನೋ ಭಾವನೋ ದುಬೈಯಿಂದ ತಂದು ಕೊಟ್ಟದ್ದು, ಬಿಲ್ ಅಲ್ಲೇ ಎಲ್ಲೋ ಉಳಿದಿದೆ. ಭಾರತದ ವಾರಂಟಿ ಇಲ್ಲದ ಇಂಥ ಸೆಟ್‌ಗೆ ಮಾರುಕಟ್ಟೆಯಲ್ಲಿ ದರ ಕಡಿಮೆ. ಬಿಲ್ ದಿರ್ಹಂನಲ್ಲಿದ್ದರೂ ಖರೀದಿಗೆ ಅದು ಪುರಾವೆಯೇ. ಬಿಲ್ ಮತ್ತು ಕಸ್ಟಮ್ಸ್ ಸುಂಕ ಕಟ್ಟಿದ್ದರೆ ಅದರ ರಶೀದಿ, ಎರಡನ್ನೂ ವಾಟ್ಸಾಪ್‌ನಲ್ಲಾದರೂ ತರಿಸಿ ಇಟ್ಟುಕೊಳ್ಳಿ.

ದೂರಿನಲ್ಲಿ ಬೆಲೆ ಯಾಕೆ ಮುಖ್ಯ?

2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 303ನೇ ಸೆಕ್ಷನ್ ಕಳವಿಗೆ ಸಂಬಂಧಿಸಿದ್ದು. ಕದ್ದ ವಸ್ತುವಿನ ಬೆಲೆ 5,000 ರೂ.ಗಿಂತ ಕಡಿಮೆ ಇದ್ದರೆ ಮ್ಯಾಜಿಸ್ಟ್ರೇಟ್ ಆದೇಶವಿಲ್ಲದೆ ಪೊಲೀಸರು ತನಿಖೆ ಮಾಡುವಂತಿಲ್ಲ. ಮೊದಲ ಸಲ ಸಿಕ್ಕಿಬಿದ್ದವನು ವಸ್ತುವನ್ನೋ ಬೆಲೆಯನ್ನೋ ಹಿಂದಿರುಗಿಸಿದರೆ ಶಿಕ್ಷೆ ಸಮುದಾಯ ಸೇವೆ. "ಹಳೇ ಲೆನ್ಸ್, ಏನೋ ಒಂದು ಮೂರ್ನಾಲ್ಕು ಸಾವಿರ" ಎಂದು ಅಂದಾಜಿಗೆ ಬರೆಸಿದರೆ ಕೇಸೇ ಸಡಿಲವಾಗ್ತದೆ. ಹಾಗಂತ ಉಬ್ಬಿಸಿ ಬರೆಯುವುದೂ ಬೇಡ. ಮುಂದೆ ವಿಮೆಯವರು ಬಿಲ್ ನೋಡಿದಾಗ ನಿಮ್ಮ ಮಾತೇ ಸುಳ್ಳಾಗ್ತದೆ.

ಗಡಿಯವರಿಗೆ ಒಂದು ವಿಷಯ. ಮಂಗಳೂರಿನ ಹಾಲ್‌ನಲ್ಲಿ ಕಳವಾಗಿ ತಲಪಾಡಿ ದಾಟಿದ ಮೇಲೆ ಗೊತ್ತಾದರೂ ಹತ್ತಿರದ ಠಾಣೆಯಲ್ಲೇ ದೂರು ಕೊಡಬಹುದು. "ನಮ್ಮ ವ್ಯಾಪ್ತಿ ಅಲ್ಲ" ಎಂದು ವಾಪಸ್ ಕಳಿಸುವಂತಿಲ್ಲ. ಆನ್‌ಲೈನ್‌ನಲ್ಲಿ ಕೊಟ್ಟರೆ 3 ದಿನದೊಳಗೆ ಹೋಗಿ ಸಹಿ ಮಾಡಬೇಕು. ಎಫ್‌ಐಆರ್ ಪ್ರತಿ ಉಚಿತ, ಕೇಳಿ ಪಡೆಯಿರಿ. ಕಾಸರಗೋಡಿನ ಕನ್ನಡಿಗರು ಸ್ಥಳೀಯ ಕಚೇರಿಗಳೊಂದಿಗೆ ಕನ್ನಡದಲ್ಲಿ ವ್ಯವಹರಿಸಲು 1969ರ ಕೇರಳ ಅಧಿಕೃತ ಭಾಷಾ ಕಾಯ್ದೆಯಲ್ಲೇ ಅವಕಾಶ ಉಂಟು.

ವಿಮೆ ಕಂಪನಿಯ ಲೆಕ್ಕ

ಪಾಲಿಸಿ ಮಾರುಕಟ್ಟೆ ಬೆಲೆಯದ್ದೋ ಬದಲಿ ಬೆಲೆಯದ್ದೋ ಎಂದು ಮೊದಲು ನೋಡಿ. ಮಾರುಕಟ್ಟೆ ಬೆಲೆಯದ್ದಾದರೆ ಸವಕಳಿ ಕಳೆದೇ ಕೊಡುವುದು.

ದೊಡ್ಡ ಏಟು ಬೀಳುವುದು ಕಡಿಮೆ ಮೊತ್ತಕ್ಕೆ ವಿಮೆ ಮಾಡಿಸಿದವರಿಗೆ. ನಿಮ್ಮ ಸಾಮಾನಿನ ಒಟ್ಟು ಬೆಲೆ 4 ಲಕ್ಷ, ಪ್ರೀಮಿಯಂ ಉಳಿಸಲು 2 ಲಕ್ಷಕ್ಕೆ ಮಾತ್ರ ವಿಮೆ ಮಾಡಿಸಿದ್ದೀರಿ ಎಂದಿಟ್ಟುಕೊಳ್ಳಿ. 1 ಲಕ್ಷದ ಲೆನ್ಸ್ ಹೋದರೆ ಸಿಗುವುದು 1 ಲಕ್ಷ ಅಲ್ಲ, 50 ಸಾವಿರ. ಅರ್ಧಕ್ಕೆ ವಿಮೆ, ಅರ್ಧವೇ ಪರಿಹಾರ. ಅದರಲ್ಲೂ ನೀವೇ ಭರಿಸಬೇಕಾದ ಪಾಲು ಎಂದು ಪಾಲಿಸಿಯಲ್ಲಿ ಬರೆದಷ್ಟು ಕಡಿತವಾಗ್ತದೆ.

"ಕನ್ನಗಳವು" ಪಾಲಿಸಿ ಇದ್ದರೆ ಬೀಗ, ಬಾಗಿಲು ಮುರಿದ ಗುರುತು ಬೇಕು. ಬಲ ಪ್ರಯೋಗಿಸಿ ಒಳನುಗ್ಗುವುದು ಎಂದು ಪಾಲಿಸಿಯಲ್ಲಿ ಬರೆದಿದ್ದರೆ ಬರೀ ಕಳವಿಗೆ ಪರಿಹಾರ ಇಲ್ಲ ಎಂದು ಸುಪ್ರೀಂ ಕೋರ್ಟ್ 2004ರಲ್ಲೇ ಹೇಳಿದೆ. ಹಾಲ್‌ನಿಂದ ಬ್ಯಾಗ್ ಎತ್ತಿಕೊಂಡು ಹೋದದ್ದು ಇದರಲ್ಲಿ ಬರುವುದಿಲ್ಲ. ಯಾರೂ ಇಲ್ಲದ ಕಾರಿನಿಂದ ಹೋದದ್ದನ್ನೂ ಹಲವು ಪಾಲಿಸಿಗಳು ಹೊರಗಿಡುತ್ತವೆ. ಮನೆ ವಿಮೆಯಲ್ಲಿ ದುಡಿಮೆಯ ಕ್ಯಾಮರಾ ಸೇರದೇ ಇರುವುದೇ ಹೆಚ್ಚು.

ಕಂಪನಿ ಅನ್ಯಾಯ ಮಾಡಿದೆ ಎನಿಸಿದರೆ ಮೊದಲು ಅವರಿಗೇ ಲಿಖಿತ ದೂರು ಕೊಡಿ. ಸರಿಹೋಗದಿದ್ದರೆ ವಿಮಾ ಒಂಬುಡ್ಸ್‌ಮನ್ ಇದ್ದಾರೆ: ಕೇರಳದವರಿಗೆ ಕೊಚ್ಚಿಯಲ್ಲಿ, ಕರ್ನಾಟಕದವರಿಗೆ ಬೆಂಗಳೂರಿನಲ್ಲಿ. ಶುಲ್ಕ ಇಲ್ಲ, ವಕೀಲರೂ ಬೇಡ. ಕಂಪನಿ ನಿರಾಕರಿಸಿದ ಒಂದು ವರ್ಷದೊಳಗೆ ಹೋಗಬೇಕು.

ಕ್ಯಾಮರಾ ಸಿಕ್ಕಿದರೆ

ಪೊಲೀಸರು ವಶಪಡಿಸಿಕೊಂಡ ಕ್ಯಾಮರಾ ಕೇಸ್ ಮುಗಿಯುವವರೆಗೆ ಠಾಣೆಯಲ್ಲೇ ಧೂಳು ಹಿಡಿಯಬೇಕಿಲ್ಲ. ಇಂಥ ವಸ್ತುಗಳನ್ನು ಫೋಟೋ, ಪಂಚನಾಮೆ ಮಾಡಿ ಬೇಗ ಮಾಲೀಕರಿಗೆ ಕೊಡಬೇಕೆಂದು 2002ರ ಸುಂದರ್‌ಭಾಯಿ ಅಂಬಾಲಾಲ್ ದೇಸಾಯಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಈಗ ನಾಗರಿಕ ಸುರಕ್ಷಾ ಸಂಹಿತೆಯ 497ನೇ ಸೆಕ್ಷನ್ ಇದಕ್ಕೆ ಗಡುವು ಹಾಕಿದೆ: 14 ದಿನದಲ್ಲಿ ವಸ್ತುವಿನ ವಿವರಪಟ್ಟಿ, ನಂತರ 30 ದಿನದಲ್ಲಿ ಆದೇಶ. ಅರ್ಜಿ ಹಾಕುವಾಗ ಸೀರಿಯಲ್ ನಂಬರ್ ಹೊಂದಿದರೆ ಕೆಲಸ ಸುಲಭ.

ಬೆಲೆ ಕಟ್ಟಲಾಗದ್ದು

ಕಾರ್ಡಿನ ಒಳಗಿದ್ದ ಮದುವೆ ಫೋಟೋಗಳಿಗೆ ಯಾರೂ ಬೆಲೆ ಕಟ್ಟುವುದಿಲ್ಲ. ವಿಮೆ ಕೊಟ್ಟರೂ ಖಾಲಿ ಕಾರ್ಡಿನ ದರ. ಆದರೆ ಆ ಕುಟುಂಬಕ್ಕೆ ಅದೇ ದೊಡ್ಡ ನಷ್ಟ, ಸೇವೆಯಲ್ಲಿ ಲೋಪ ಎಂದು ಅವರು ಗ್ರಾಹಕ ಆಯೋಗಕ್ಕೆ ಹೋಗಲೂಬಹುದು. ಎರಡು ಕಾರ್ಡಿಗೆ ಒಟ್ಟಿಗೆ ರೆಕಾರ್ಡ್ ಮಾಡಿ, ಒಂದನ್ನು ಬ್ಯಾಗಿನಲ್ಲಿಡದೆ ಕಿಸೆಯಲ್ಲಿಟ್ಟುಕೊಳ್ಳಿ.

ಇವತ್ತೇ ಮಾಡಬೇಕಾದ್ದು

* ಬಾಡಿ, ಲೆನ್ಸ್, ಫ್ಲ್ಯಾಶ್‌ಗಳ ಸೀರಿಯಲ್ ನಂಬರ್‌ನ ಫೋಟೋ ತೆಗೆದು ಇಮೇಲ್‌ನಲ್ಲಿಡಿ.
* ನಂಬರ್ ಬರೆದಿಟ್ಟಿಲ್ಲದೆ ಕ್ಯಾಮರಾ ಕಳೆದುಕೊಂಡವರು ಹಳೇ ಫೋಟೋದ ಮೂಲ ಫೈಲ್ ನೋಡಿ. ಹಲವು ಕ್ಯಾಮರಾಗಳು ಬಾಡಿಯ ನಂಬರ್ ಅನ್ನು ಅದರೊಳಗೆ ಬರೆದಿಡುತ್ತವೆ. ವಾಟ್ಸಾಪ್‌ನಲ್ಲಿ ಕಳಿಸಿದ ಪ್ರತಿಯಲ್ಲಿ ಅದು ಉಳಿಯುವುದಿಲ್ಲ.
* ಪ್ರತಿ ವರ್ಷ ಪಾಲಿಸಿ ನವೀಕರಿಸುವಾಗ ಸಾಮಾನಿನ ಪಟ್ಟಿಯನ್ನೂ ಬೆಲೆಯನ್ನೂ ತಿದ್ದಿಸಿ.
* ಸೆಕೆಂಡ್ ಹ್ಯಾಂಡ್ ತೆಗೆಯುವಾಗ ಬಿಲ್, ನಂಬರ್ ತಾಳೆ ನೋಡಿ. ಕದ್ದ ಮಾಲು ಎಂದು ಗೊತ್ತಿದ್ದೂ ಕೊಂಡರೆ 3 ವರ್ಷದವರೆಗೆ ಜೈಲು. ಅರ್ಧ ಬೆಲೆಗೆ ಸಿಕ್ಕ ಕ್ಯಾಮರಾದ ಹಿಂದೆ ನಮ್ಮಂಥದ್ದೇ ಒಬ್ಬ ಹುಡುಗನ ಕಂತು ಬಾಕಿ ಇರಬಹುದು.