ನೀಹಾರಿಕೆಗಳ ನೆಲೆ: ಕಲ್ಯಾಣದಿಂದ ಗೌರಿಬಿದನೂರಿನವರೆಗೆ

ರಾಜ್ಯೋತ್ಸವದ ಈ ದಿನಗಳಲ್ಲಿ, ರಾತ್ರಿ ಹತ್ತು ಗಂಟೆಯ ಸುಮಾರಿಗೆ, ಕಳವಾದ ಯಾವುದಾದರೊಂದು ಮಾಳಿಗೆಯನ್ನೇರಿ ಪಾರಸಿಕ್ ಗುಡ್ಡದ ಕಡೆಗೆ ನೋಡಿದರೆ ಮಹಾವ್ಯಾಧನೆಂಬ ನಕ್ಷತ್ರಪುಂಜವು ಮೇಲೇರಿ ಬರುವುದು ಕಾಣುತ್ತದೆ. ಸಾಲಾಗಿ ನಿಂತ ಮೂರು ಚುಕ್ಕೆಗಳು ಅವನ ನಡುಕಟ್ಟು. ಅದರ ಪಕ್ಕದಲ್ಲಿರುವುದು ಅವನ ಕತ್ತಿ. ಆ ಕತ್ತಿಯ ನಡುವೆ ಮಸುಕಾದ ಬೆಳಕಿನ ತುಣುಕೊಂದಿದೆ. ಊರ ದೀಪಗಳ ದೆಸೆಯಿಂದ ಬರಿಗಣ್ಣಿಗೆ ದುರ್ಲಭವಾದರೂ ಸಾಧಾರಣ ದುರ್ಬೀನಿಗೆ ಅದು ಸಿಕ್ಕುತ್ತದೆ. ಇದೇ ಮಹಾವ್ಯಾಧನ ನೀಹಾರಿಕೆ.

ನೀಹಾರವೆಂದರೆ ಮಂಜು. ಮಂಜಿನಂತೆ ಕಂಡುದನ್ನೆಲ್ಲ ಹಿಂದಿನವರು ಈ ಒಂದೇ ಹೆಸರಿನಿಂದ ಕರೆದರು. ಇವುಗಳಲ್ಲಿ ಕೆಲವು ನಿಜವಾಗಿಯೂ ಅನಿಲದ ಮೋಡಗಳೆಂಬುದನ್ನು 1864ರಲ್ಲಿ ಇಂಗ್ಲೆಂಡಿನ ವಿಲಿಯಂ ಹಗಿನ್ಸ್ ಅವುಗಳ ಬೆಳಕನ್ನು ಸೀಳಿ ತೋರಿಸಿದನು. ದೇವಯಾನಿಯ 'ನೀಹಾರಿಕೆ'ಯಾದರೋ ಮೋಡವೇ ಅಲ್ಲ, ನಮ್ಮ ಆಕಾಶಗಂಗೆಯ ಹೊರಗಿರುವ ಮತ್ತೊಂದು ನಕ್ಷತ್ರಲೋಕವೆಂಬುದು 1923-24ರಲ್ಲಿ ಎಡ್ವಿನ್ ಹಬಲ್ ಮಾಡಿದ ಪರಿಶೀಲನೆಯಿಂದ ಸ್ಥಿರವಾಯಿತು. ಕಣ್ಣಿಗೆ ಎರಡೂ ಒಂದೇ ಬಗೆಯ ಮಂಜು! ದಿಕ್ಕು ತಿಳಿದ ಮಾತ್ರಕ್ಕೆ ದೂರ ತಿಳಿಯದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಬೆಳಕು ಒಂದು ವರ್ಷದಲ್ಲಿ ಕ್ರಮಿಸುವ ದೂರವೇ ಒಂದು ಜ್ಯೋತಿರ್ವರ್ಷ. ದೊಡ್ಡ ಅಂಕಿಗಳು ಮನಸ್ಸಿಗೆ ಹಿಡಿಯಲಾರವು. ಆದುದರಿಂದ ಬ್ಯಾಂಕಿನವರಾದ ನಾವು ಇದನ್ನು ನಮ್ಮ ಲೆಕ್ಕಕ್ಕೆ ಇಳಿಸಿಕೊಳ್ಳುತ್ತೇವೆ. ಒಂದು ಜ್ಯೋತಿರ್ವರ್ಷಕ್ಕೆ ಒಂದು ಪೈಸೆಯಂತೆ ಹಿಡಿದರೆ ಮಹಾವ್ಯಾಧನ ನೀಹಾರಿಕೆ ಸುಮಾರು 13 ರೂಪಾಯಿ 50 ಪೈಸೆಯ ದೂರದಲ್ಲಿದೆ. ಏಕಶೃಂಗಿಯಲ್ಲಿರುವ ರೋಸೆಟ್ ನೀಹಾರಿಕೆ ಸುಮಾರು 50 ರೂಪಾಯಿ. 1054ರಲ್ಲಿ ಚೀನೀಯರು ಕಂಡ ನಕ್ಷತ್ರಸ್ಫೋಟದ ಅವಶೇಷವಾದ ಏಡಿ ನೀಹಾರಿಕೆ ಸುಮಾರು 65 ರೂಪಾಯಿ. ಆಕಾಶಗಂಗೆಯ ಕೇಂದ್ರಕ್ಕೆ ಸುಮಾರು 260 ರೂಪಾಯಿ. ಅದರ ಅಡ್ಡಗಲ ಸುಮಾರು ಒಂದು ಸಾವಿರ. ದೇವಯಾನಿಗೆ ಮಾತ್ರ 25,000 ರೂಪಾಯಿ ಬೇಕು!

ನಮ್ಮ ಆಕಾಶಗಂಗೆ ತೆಳ್ಳಗಿನ ದೋಸೆಯಂತೆ ಹರಡಿಕೊಂಡಿದೆ. ಹೊಸ ನಕ್ಷತ್ರಗಳು ಹುಟ್ಟುವ ಅನಿಲದ ಮೋಡಗಳು ಬಹುಮಟ್ಟಿಗೆ ಈ ತೆಳುವಾದ ತಟ್ಟೆಯಲ್ಲಿಯೇ, ಅದರಲ್ಲಿಯೂ ಸುರುಳಿ ತೋಳುಗಳ ಉದ್ದಕ್ಕೆ, ನೆಲೆಸಿವೆ. ಇಂಥ ಮೋಡಗಳ ದೂರಗಳನ್ನು ಗುರುತು ಹಾಕಿಯೇ 1951ರಲ್ಲಿ ಅಮೆರಿಕೆಯ ಮಾರ್ಗನ್ ಮತ್ತು ಸಂಗಡಿಗರು ಸಮೀಪದ ತೋಳುಗಳ ಆಕಾರವನ್ನು ಮೊದಲು ತೋರಿಸಿದರು. ಆದರೆ ಹೆಸರಾಂತ ನೀಹಾರಿಕೆಗಳು ಹೆಚ್ಚಾಗಿ ನೂರು ರೂಪಾಯಿಯೊಳಗೇ ಇರುವುದೇಕೆ? ನಕ್ಷತ್ರಗಳ ನಡುವೆ ಧೂಳು ತುಂಬಿ, ದೂರದ ಬೆಳಕನ್ನು ತಡೆಯುತ್ತದೆಂದು 1930ರಲ್ಲಿ ರಾಬರ್ಟ್ ಟ್ರಂಪ್ಲರ್ ಸಿದ್ಧಪಡಿಸಿದನು. ಧೂಳಿನಾಚೆಗೆ ಹಾದುಬರಬಲ್ಲವು ರೇಡಿಯೋ ಅಲೆಗಳು.

ಇಲ್ಲಿ ನಮ್ಮ ಕಲ್ಯಾಣದ ಹೆಸರು ಬರುತ್ತದೆ. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಗೋವಿಂದ ಸ್ವರೂಪರೂ ಅವರ ತರುಣ ಸಂಗಡಿಗರೂ 1965ರಲ್ಲಿ ಕಲ್ಯಾಣದ ಬಳಿ ಬೋಗುಣಿಯಾಕಾರದ 32 ಗ್ರಾಹಕಗಳನ್ನು ನೆಟ್ಟರು: ಪೂರ್ವಪಶ್ಚಿಮವಾಗಿ 24, ಉತ್ತರದಕ್ಷಿಣವಾಗಿ 8. ಆಸ್ಟ್ರೇಲಿಯದಲ್ಲಿ ಕೆಲಸ ಮುಗಿಸಿ ನಮ್ಮ ದೇಶಕ್ಕೆ ಕೊಡುಗೆಯಾಗಿ ಬಂದ ಗ್ರಾಹಕಗಳವು. ಅವು ನೋಡಿದುದು ಸೂರ್ಯನನ್ನು, ನೀಹಾರಿಕೆಗಳನ್ನಲ್ಲ. ಆದರೆ ಅಲ್ಲಿ ಕೈ ಪಳಗಿದವರೇ ಮುಂದೆ ಉದಕಮಂಡಲದ ಇಳಿಜಾರಿನಲ್ಲಿ 530 ಮೀಟರು ಉದ್ದದ ರೇಡಿಯೋ ದೂರದರ್ಶಕವನ್ನು ಕಟ್ಟಿದರು. 1970ರಲ್ಲಿ ಅದು ಕೆಲಸಕ್ಕೆ ತೊಡಗಿತು.

ಕಳವಾ ನಿಲ್ದಾಣದಲ್ಲಿ ನಿಲ್ಲದೆ ಹಾದುಹೋಗುವ ಗಾಡಿಯ ಸೀಟಿಯನ್ನು ನಾವೆಲ್ಲ ಕೇಳಿದ್ದೇವೆ. ಬರುವಾಗ ಸ್ವರ ಏರಿರುತ್ತದೆ, ದಾಟಿದೊಡನೆ ಇಳಿಯುತ್ತದೆ. ನೀಹಾರಿಕೆಯ ಜಲಜನಕವು ಹೊರಡಿಸುವ ಅಲೆಗಳಲ್ಲಿಯೂ ಇಂಥದೇ ಏರಿಳಿತವುಂಟು. ಅದರಿಂದ ಮೋಡದ ವೇಗವನ್ನೂ, ಆಕಾಶಗಂಗೆ ತಿರುಗುವ ಕ್ರಮವನ್ನು ಬಲ್ಲವರು ಆ ವೇಗದಿಂದ ಅದರ ದೂರವನ್ನೂ ಅಂದಾಜು ಮಾಡುವರು. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ಕೆ. ಆರ್. ಅನಂತರಾಮಯ್ಯನವರು ಉದಕಮಂಡಲದ ದೂರದರ್ಶಕದಿಂದ ಆಕಾಶಗಂಗೆಯ ಉದ್ದಕ್ಕೂ ಈ ಅಲೆಗಳನ್ನು ಹುಡುಕಿ 1985ರಲ್ಲಿ ಪ್ರಕಟಿಸಿದರು. ನೀಹಾರಿಕೆಗಳ ಸುತ್ತ ತೆಳುವಾದ ಅನಿಲದ ವಿಶಾಲ ಹೊದಿಕೆಗಳಿವೆಯೆಂಬುದು ಅವರು ಕಂಡುಕೊಂಡ ವಿಷಯ. ಆದರೆ ವೇಗದ ಲೆಕ್ಕದಲ್ಲಿ ತೊಡಕೊಂದಿದೆ. ಒಂದೇ ವೇಗಕ್ಕೆ ಹತ್ತಿರದ್ದೊಂದು, ದೂರದ್ದೊಂದು, ಎರಡು ನೆಲೆಗಳು ಹೊಂದುವುದುಂಟು.

ಈ ತೊಡಕಿಗೆ ನೆರವಾಗಬಲ್ಲ ದಾರಿಯೊಂದು ಕನ್ನಡನಾಡಿನ ಗೌರಿಬಿದನೂರಿನಲ್ಲಿದೆ. 1976ರಲ್ಲಿ ಅಲ್ಲಿ ಭಾರತೀಯ ಖಭೌತ ಸಂಸ್ಥೆಯೂ ರಾಮನ್ ಸಂಸ್ಥೆಯೂ ಕೂಡಿ, ಕಂಬಗಳ ಮೇಲೆ ಸಾವಿರ ಗ್ರಾಹಕ ತಂತಿಗಳನ್ನು ಹೂಡಿ, ಸುಮಾರು 9 ಮೀಟರು ಉದ್ದದ ಅಲೆಗಳನ್ನು ಹಿಡಿಯತೊಡಗಿದವು. ಈ ಅಲೆಗಳಲ್ಲಿ ಆಕಾಶಗಂಗೆಯೇ ಪ್ರಜ್ವಲಿಸುತ್ತದೆ. ನೀಹಾರಿಕೆಯು ತನ್ನ ಹಿಂದಿನ ಬೆಳಗನ್ನು ನುಂಗಿ ನೆರಳಿನಂತೆ ತೋರುತ್ತದೆ. ಆ ನೆರಳಿನಲ್ಲಿ ಕಾಣುವ ಬೆಳಗು, ಮೋಡದ ತನ್ನ ಪಾಲನ್ನು ಕಳೆದರೆ, ನಮಗೂ ಮೋಡಕ್ಕೂ ನಡುವಿನದು ಮಾತ್ರ. ಮೋಡ ಹತ್ತಿರವಿದ್ದಷ್ಟೂ ನೆರಳು ಗಾಢ.

ಮನೆಯೊಳಗೆ ಕುಳಿತೇ ಮನೆಯ ನಕ್ಷೆ ಬರೆಯುವ ಕಷ್ಟದ ಕೆಲಸವಿದು. ಅದರಲ್ಲಿ ನಾವು ಬಿಟ್ಟುಬಂದ ನಾಡಿನ ಪಾಲೂ ಇದೆ, ಅನ್ನ ಕೊಟ್ಟ ಈ ಸೀಮೆಯ ಪಾಲೂ ಇದೆ. ನಿತ್ಯ ಕಲ್ಯಾಣದ ಗಾಡಿ ಹತ್ತುವ ನಮ್ಮಲ್ಲಿ ಎಷ್ಟು ಮಂದಿ ಇದನ್ನು ಮಕ್ಕಳಿಗೆ ಹೇಳಿದ್ದೇವೆ? ಊರಿನ ಕಥೆಯೆಂದರೆ ಹಳೆಯ ಅರಸರ ಕಥೆಯೆಂದೇ ಅವರು ಬಗೆಯದಿರಲಿ. ಈ ವಾರ ಒಂದು ರಾತ್ರಿ ಅವರನ್ನು ಮಾಳಿಗೆಗೆ ಕರೆದೊಯ್ದು ಮಹಾವ್ಯಾಧನನ್ನು ತೋರಿಸೋಣ. ಹದಿಮೂರೂವರೆ ರೂಪಾಯಿಯ ಲೆಕ್ಕವನ್ನು ಕನ್ನಡದಲ್ಲಿಯೇ ಹೇಳೋಣ.