ಮೊರೀಯದ ಬಲಿ: ತಂದೆಯ ವಿಧೇಯತೆ ಮತ್ತು ಮಗನ ಸಮ್ಮತಿ

ಹಳೆಯ ಒಡಂಬಡಿಕೆಯ ಮೊದಲ ಗ್ರಂಥವಾದ ಆದಿಕಾಂಡದ ಇಪ್ಪತ್ತೆರಡನೆಯ ಅಧ್ಯಾಯದಲ್ಲಿ ಅಬ್ರಹಾಮನ ಪರೀಕ್ಷೆಯ ಕಥೆ ಬಂದಿದೆ. ಹತ್ತೊಂಬತ್ತೇ ವಚನಗಳಲ್ಲಿ ಮುಗಿದುಹೋಗುವ ಈ ಆಖ್ಯಾನವು ಯೆಹೂದ್ಯ, ಕ್ರೈಸ್ತ, ಇಸ್ಲಾಂ ಎಂಬ ಮೂರು ಮತಗಳಿಗೂ ಶ್ರದ್ಧೆಯ ಪರಮಾದರ್ಶವಾಗಿ ನಿಂತಿದೆ. ಇದನ್ನು ತಂದೆಯ ಕಥೆಯೆಂದು ಓದುವುದೇ ರೂಢಿ. ಆದರೆ ಎರಡು ಸಹಸ್ರ ವರ್ಷಗಳ ವ್ಯಾಖ್ಯಾನ ಪರಂಪರೆಯನ್ನು ಕಾಲಾನುಕ್ರಮವಾಗಿ ಪರಿಶೀಲಿಸಿದರೆ, ವ್ಯಾಖ್ಯಾನಕಾರರನ್ನು ಕಾಡಿದ ಪ್ರಶ್ನೆ ತಂದೆಯದು ಮಾತ್ರವಲ್ಲ, ಮಗನದೂ ಹೌದೆಂಬುದು ವ್ಯಕ್ತವಾಗುತ್ತದೆ. ಅಬ್ರಹಾಮನು ಕೊಡಲು ಹೊರಟದ್ದು ತನ್ನ ಪ್ರಾಣವನ್ನಲ್ಲ, ಇನ್ನೊಬ್ಬನ ಪ್ರಾಣವನ್ನು. ಆ ಇನ್ನೊಬ್ಬನು ಅದಕ್ಕೆ ಒಪ್ಪಿದ್ದನೆ? ಮೂಲಗ್ರಂಥವು ಇದಕ್ಕೆ ಉತ್ತರ ಹೇಳುವುದಿಲ್ಲ. ಮುಂದಿನ ಯುಗಗಳು ಹೇಳಿದ ಉತ್ತರಗಳಲ್ಲಿಯೇ ಈ ಕಥೆಯ ಚರಿತ್ರೆ ಅಡಗಿದೆ.

ಮೂಲದ ಕಥನಕ್ರಮ ಅತ್ಯಂತ ಮಿತವಾದುದು. ನೂರು ವರ್ಷದ ಮುಪ್ಪಿನಲ್ಲಿ ಹುಟ್ಟಿದ ಇಸಾಕನನ್ನು ಮೊರೀಯ ದೇಶದ ಬೆಟ್ಟವೊಂದರ ಮೇಲೆ ಸರ್ವಾಂಗಹೋಮವಾಗಿ ಅರ್ಪಿಸಬೇಕೆಂದು ದೇವರ ಅಪ್ಪಣೆಯಾಗುತ್ತದೆ. ಅಬ್ರಹಾಮನು ಮುಂಜಾನೆಯೇ ಎದ್ದು, ಕತ್ತೆಗೆ ತಡಿಯನ್ನು ಹಾಕಿ, ಕಟ್ಟಿಗೆಯನ್ನು ಸೀಳಿಕೊಂಡು, ಇಬ್ಬರು ಸೇವಕರೊಡನೆ ಹೊರಡುತ್ತಾನೆ. ಮೂರನೆಯ ದಿನ ಬೆಟ್ಟ ಕಾಣುತ್ತದೆ. ಕಟ್ಟಿಗೆಯ ಹೊರೆ ಮಗನ ಬೆನ್ನಿಗೆ. ಬೆಂಕಿಯೂ ಕತ್ತಿಯೂ ತಂದೆಯ ಕೈಗೆ. ದಾರಿಯಲ್ಲಿ ಮಗನು ಒಂದೇ ಒಂದು ಪ್ರಶ್ನೆ ಕೇಳುತ್ತಾನೆ: ಹೋಮಕ್ಕೆ ಕುರಿ ಎಲ್ಲಿ? ದೇವರೇ ಒದಗಿಸುವನೆಂದು ತಂದೆ ಹೇಳುತ್ತಾನೆ. ಅಲ್ಲಿಂದ ಮುಂದೆ ಇಸಾಕನ ಬಾಯಿಂದ ಒಂದು ಮಾತೂ ಇಲ್ಲ. ಕೈಕಾಲು ಕಟ್ಟಿಸಿಕೊಂಡಾಗಲೂ ಇಲ್ಲ, ಕತ್ತಿ ಮೇಲೆತ್ತಿದಾಗಲೂ ಇಲ್ಲ. ದೇವದೂತನು ತಡೆಯುತ್ತಾನೆ; ಪೊದೆಯಲ್ಲಿ ಕೊಂಬು ಸಿಕ್ಕಿಕೊಂಡ ಟಗರು ಮಗನಿಗೆ ಬದಲಾಗಿ ಬಲಿಯಾಗುತ್ತದೆ. ಬೆಟ್ಟವನ್ನೇರುವಾಗ ಇಬ್ಬರೂ ಜೊತೆಯಾಗಿ ನಡೆದರೆಂದು ಎರಡು ಸಲ ಹೇಳಿದ ಕಥೆಗಾರನು, ಇಳಿದುಬಂದಾಗ ಅಬ್ರಹಾಮನೊಬ್ಬನನ್ನೇ ಹೆಸರಿಸುತ್ತಾನೆ. ಮುಂದೆ ತಂದೆಮಕ್ಕಳು ಪರಸ್ಪರ ಮಾತಾಡಿದ ಒಂದು ಪ್ರಸಂಗವೂ ಆ ಗ್ರಂಥದಲ್ಲಿ ದಾಖಲಾಗಿಲ್ಲ.

ತಂದೆಯ ಮೌನವೂ ಗಮನಾರ್ಹವಾದುದು. ಇದೇ ಅಬ್ರಹಾಮನು ಹದಿನೆಂಟನೆಯ ಅಧ್ಯಾಯದಲ್ಲಿ ಸೊದೋಮ್ ನಗರದ ಅಪರಿಚಿತರ ಪರವಾಗಿ ದೇವರೊಡನೆ ವಾದ ಹೂಡಿ, ಐವತ್ತು ಮಂದಿ ನೀತಿವಂತರಿಂದ ಹತ್ತು ಮಂದಿಯವರೆಗೆ ಲೆಕ್ಕವನ್ನು ಇಳಿಸಿದವನು. ತನ್ನ ಮಗನ ಪಾಲಿಗೆ ಮಾತ್ರ ಅವನು ಬಾಯಿ ತೆರೆಯುವುದಿಲ್ಲ.

ಪ್ರಾಚೀನ ಕಾನಾನ್ ಪ್ರದೇಶದ ಜನಜೀವನದಲ್ಲಿ ಶಿಶುಬಲಿ ಕೇಳರಿಯದ ಸಂಗತಿಯಾಗಿರಲಿಲ್ಲ. ಮೋವಾಬಿನ ಅರಸ ಮೇಷನು ಮುತ್ತಿಗೆಗೆ ಸಿಕ್ಕಿ ತನ್ನ ಹಿರಿಯ ಮಗನನ್ನು ಕೋಟೆಗೋಡೆಯ ಮೇಲೆ ಬಲಿಕೊಟ್ಟನೆಂದು ಎರಡನೆಯ ಅರಸುಗಳ ಗ್ರಂಥ ಹೇಳುತ್ತದೆ. ನ್ಯಾಯಸ್ಥಾಪಕರ ಗ್ರಂಥದ ಯೆಫ್ತಾಹನು ಹರಕೆಗೆ ಕಟ್ಟುಬಿದ್ದು ಮಗಳನ್ನೇ ಅರ್ಪಿಸಿದನು. ಆಕೆಗಾಗಿ ಯಾವ ದೇವದೂತನೂ ಬರಲಿಲ್ಲ. ಚೊಚ್ಚಲು ಮಗನು ದೇವರ ಸೊತ್ತೆಂದು ಸಾರಿದ ವಿಮೋಚನಕಾಂಡವೇ ಅವನನ್ನು ಬಿಡಿಸಿಕೊಳ್ಳುವ ವಿಧಿಯನ್ನೂ ಹೇಳಿತು. ಯಾಜಕಕಾಂಡವೂ ಧರ್ಮೋಪದೇಶಕಾಂಡವೂ ಶಿಶುಬಲಿಯನ್ನು ನಿಷೇಧಿಸಿದವು. ಯೆರೆಮೀಯ ಪ್ರವಾದಿಯ ಗ್ರಂಥದಲ್ಲಿ, ಇಂಥ ಬಲಿಯನ್ನು ತಾನು ವಿಧಿಸಿರಲಿಲ್ಲ, ಅದು ತನ್ನ ಮನಸ್ಸಿಗೂ ಬಂದಿರಲಿಲ್ಲ ಎಂದು ದೇವರೇ ನಿರಾಕರಿಸುತ್ತಾನೆ. ಆದ್ದರಿಂದಲೇ ಮೊರೀಯದ ಕಥೆಯನ್ನು ನರಬಲಿಯಿಂದ ಪಶುಬಲಿಗೆ ದಾಟಿದ ಸ್ಮೃತಿಯೆಂದು ಹಲವು ವಿದ್ವಾಂಸರು ಅರ್ಥೈಸಿದ್ದಾರೆ. ಈ ವಿವರಣೆಯಲ್ಲಿ ಸತ್ಯಾಂಶವಿರಬಹುದು. ಆದರೆ ಕತ್ತಿಯ ಕೆಳಗೆ ಮಲಗಿದ ಮಗನ ಮನಸ್ಸನ್ನು ಅದು ಮುಟ್ಟುವುದಿಲ್ಲ.

ಆ ಮನಸ್ಸನ್ನು ಮುಟ್ಟಬೇಕಾದ ಕಾಲ ಕ್ರಿ. ಪೂ. ಎರಡನೆಯ ಶತಮಾನದಲ್ಲಿ ಒದಗಿತು. ಕ್ರಿ. ಪೂ. ೧೬೭ರ ಸುಮಾರಿಗೆ ಸೆಲ್ಯೂಸಿಡ್ ಅರಸ ನಾಲ್ಕನೆಯ ಆಂಟಿಯೋಕಸನು ಯೆಹೂದ್ಯ ಆಚಾರಗಳನ್ನು ನಿಷೇಧಿಸಿದನು. ಮಕ್ಕಳೊಡನೆ ತಾಯಂದಿರು ಧರ್ಮಕ್ಕಾಗಿ ಪ್ರಾಣ ತೆತ್ತ ಕಥೆಗಳು ಹುಟ್ಟಿದವು. ತಾನಾಗಿ ಸಾವನ್ನು ಆರಿಸಿಕೊಂಡವರಿಗೆ, ಅರಿಯದೆ ಕಟ್ಟಿಸಿಕೊಂಡ ಹುಡುಗನು ಆದರ್ಶವಾಗಲಾರನು; ಇಸಾಕನು ಅರಿತವನಾಗಬೇಕಾಯಿತು. ಮಕ್ಕಬಿಯರ ನಾಲ್ಕನೆಯ ಗ್ರಂಥವು ಅವನನ್ನು ಹುತಾತ್ಮರ ಮೇಲ್ಪಂಕ್ತಿಯಾಗಿ ನೆನೆಯುತ್ತದೆ. ಕ್ರಿ. ಶ. ಮೊದಲನೆಯ ಶತಮಾನದ ಕೊನೆಗೆ ಬರೆದ ಇತಿಹಾಸಕಾರ ಜೋಸೆಫಸನು ಇಸಾಕನಿಗೆ ಇಪ್ಪತ್ತೈದು ವರ್ಷ ವಯಸ್ಸು ಕೊಟ್ಟು, ಅವನು ಸಂತೋಷದಿಂದ ಬಲಿಪೀಠದ ಕಡೆಗೆ ಧಾವಿಸಿದನೆಂದು ವರ್ಣಿಸಿದನು. ೧೯೫೨ರಲ್ಲಿ ಕುಮ್ರಾನಿನ ನಾಲ್ಕನೆಯ ಗುಹೆಯಲ್ಲಿ ದೊರೆತ ಸುರುಳಿಗಳ ಪೈಕಿ ಕ್ರಿಸ್ತಶಕದ ಆರಂಭಕಾಲದ ಒಂದು ಹರಿದ ಪ್ರತಿಯಲ್ಲಿಯೂ ಇಸಾಕನು ತಂದೆಗೆ ಎರಡನೆಯ ಸಲ ಮಾತಾಡುತ್ತಾನೆ. ತನ್ನನ್ನು ಬಿಗಿಯಾಗಿ ಕಟ್ಟೆಂದು ಅವನು ಕೇಳಿಕೊಂಡನೆಂಬುದಾಗಿ ಹಲವು ವಿದ್ವಾಂಸರು ಲುಪ್ತಭಾಗವನ್ನು ತುಂಬಿದ್ದಾರೆ. ರಬ್ಬಿಗಳ ಆದಿಕಾಂಡವ್ಯಾಖ್ಯಾನದಲ್ಲಿ ಆ ಕೋರಿಕೆ ಸ್ಪಷ್ಟವಾಗಿಯೇ ಇದೆ. ಹೆದರಿ ದೇಹ ಅಲುಗಿದರೆ ಬಲಿ ಕೆಟ್ಟೀತೆಂಬುದು ಅದರ ಕಾರಣ. ಅಲ್ಲಿ ಅವನ ವಯಸ್ಸು ಮೂವತ್ತೇಳು. ಸಾರಳು ತೊಂಬತ್ತರಲ್ಲಿ ಹೆತ್ತು ನೂರಿಪ್ಪತ್ತೇಳರಲ್ಲಿ ತೀರಿಕೊಂಡಳು. ಅವಳ ಮರಣವನ್ನು ಈ ಘಟನೆಗೆ ಜೋಡಿಸಿ ತೆಗೆದ ಲೆಕ್ಕ ಇದು. ಯೆಹೂದ್ಯರು ಈ ಪ್ರಸಂಗವನ್ನು ಬಲಿಯೆನ್ನದೆ 'ಅಕೇದಾ', ಅಂದರೆ ಬಂಧನ, ಎಂದು ಕರೆಯುವುದೂ ಅರ್ಥವತ್ತಾಗಿದೆ.

ಉಳಿದೆರಡು ಮತಗಳಲ್ಲಿಯೂ ಇದೇ ಒಲವು ಕಾಣುತ್ತದೆ. ಕಟ್ಟಿಗೆ ಹೊತ್ತು ಬೆಟ್ಟವೇರಿದ ಇಸಾಕನಲ್ಲಿ ಕ್ರೈಸ್ತ ಆಚಾರ್ಯರು ಶಿಲುಬೆ ಹೊತ್ತ ಯೇಸುವಿನ ಪೂರ್ವಚ್ಛಾಯೆಯನ್ನು ಕಂಡರು. ಕುರಾನಿನ ಮೂವತ್ತೇಳನೆಯ ಅಧ್ಯಾಯದಲ್ಲಂತೂ ತಂದೆಯು ತಾನು ಕಂಡ ಕನಸನ್ನು ಮಗನಿಗೆ ತಿಳಿಸಿ ಅವನ ಅಭಿಪ್ರಾಯವನ್ನು ಕೇಳುತ್ತಾನೆ. ಆಜ್ಞೆಯಾದಂತೆ ನಡೆಯಲೆಂದು ಮಗನು ಒಪ್ಪುತ್ತಾನೆ. ಶರಣಾಗತಿ ಇಬ್ಬರದೂ ಆಗುತ್ತದೆ. ಅಲ್ಲಿ ಮಗನ ಹೆಸರಿಲ್ಲ. ಕ್ರಿ. ಶ. ೯೨೩ರಲ್ಲಿ ತೀರಿಕೊಂಡ ವ್ಯಾಖ್ಯಾನಕಾರ ತಬರಿಯು ಅವನು ಇಸಾಕನೆಂದು ಎಣಿಸಿದನು. ಅವನು ಇಸ್ಮಾಯಿಲನೆಂಬ ಪಕ್ಷವೇ ಮುಂದೆ ಸರ್ವಸಾಮಾನ್ಯವಾಯಿತು. ಬಕ್ರೀದ್ ಹಬ್ಬವು ಈ ಸ್ಮರಣೆಯ ಆಚರಣೆ.

ಮಗನಿಗೆ ಸಮ್ಮತಿಯನ್ನು ಕೊಟ್ಟುದರಿಂದ ಕಥೆಯ ಕ್ರೌರ್ಯ ತಗ್ಗಿತು, ನಿಜ. ಆದರೆ ಅದರ ಬೆಲೆಯೂ ದೊಡ್ಡದಾಗಿತ್ತು. ೧೦೯೬ರಲ್ಲಿ, ಮೊದಲನೆಯ ಧರ್ಮಯುದ್ಧದ ಹೊತ್ತಿನಲ್ಲಿ, ರೈನ್ ತೀರದ ಮೈನ್ಸ್ ಮೊದಲಾದ ನಗರಗಳ ಯೆಹೂದ್ಯರು ಬಲಾತ್ಕಾರದ ಮತಾಂತರಕ್ಕೆ ಒಪ್ಪದೆ ತಮ್ಮ ಮಕ್ಕಳನ್ನು ತಾವೇ ಕೊಂದು ಪ್ರಾಣಬಿಟ್ಟರು. ಆ ದುರಂತವನ್ನು ಬರೆದಿಟ್ಟ ಹೀಬ್ರೂ ವೃತ್ತಾಂತಗಳು ಮೊರೀಯವನ್ನೇ ನೆನೆದಿವೆ: ಅಂದು ಒಂದು ಬಂಧನಕ್ಕೆ ನಡುಗಿದ ಲೋಕವು ಇಂದು ಇಷ್ಟು ಬಲಿಗಳನ್ನು ಕಂಡೂ ಏಕೆ ಕತ್ತಲೆಗೂಡಲಿಲ್ಲವೆಂಬುದು ಅಲ್ಲಿನ ಅಳಲು. ಆ ಮಕ್ಕಳೆಲ್ಲರ ಸಮ್ಮತಿಯನ್ನು ಕೇಳಿದವರು ಯಾರು?

ಆಧುನಿಕ ತತ್ತ್ವಚಿಂತನೆಯು ಚರ್ಚೆಯನ್ನು ಮತ್ತೆ ತಂದೆಯ ಕಡೆಗೆ ತಿರುಗಿಸಿತು. ಮಗನನ್ನು ಕೊಲ್ಲಬಾರದೆಂಬುದು ನಿಶ್ಚಿತ, ಕೇಳಿಬಂದ ದನಿ ದೇವರದೆಂಬುದು ಅನಿಶ್ಚಿತ, ಎಂದು ಅಬ್ರಹಾಮನು ಉತ್ತರಿಸಬೇಕಾಗಿತ್ತೆಂದು ಕಾಂಟನು ೧೭೯೮ರಲ್ಲಿ ಬರೆದನು. ೧೮೪೩ರಲ್ಲಿ ಕೀರ್ಕೆಗಾರ್ಡನು ಶ್ರದ್ಧೆಯು ನೀತಿಯನ್ನೂ ಮೀರುವ ಒಂದು ನೆಲೆಯುಂಟೆಂದು ಪ್ರತಿಪಾದಿಸಿದನು. ಇಬ್ಬರ ದೃಷ್ಟಿಯೂ ಕತ್ತಿ ಹಿಡಿದವನ ಮೇಲೆ ನೆಟ್ಟಿತ್ತು.

ಕಂಬಕ್ಕೆ ಕಟ್ಟಿಸಿಕೊಂಡವನ ದನಿಯನ್ನು ನೇರವಾಗಿ ಕೇಳಿಸುವ ಪ್ರಾಚೀನ ಗ್ರಂಥವೊಂದು ಭಾರತದಲ್ಲಿದೆ. ಐತರೇಯ ಬ್ರಾಹ್ಮಣದ ಏಳನೆಯ ಪಂಚಿಕೆಯಲ್ಲಿ ಹರಿಶ್ಚಂದ್ರನು ಹುಟ್ಟಲಿರುವ ಮಗನನ್ನೇ ವರುಣನಿಗೆ ಹರಸಿಕೊಂಡು, ಮಗನು ಹುಟ್ಟಿದ ಮೇಲೆ, ಹತ್ತು ದಿನ ಕಳೆಯಲಿ, ಹಲ್ಲು ಬರಲಿ, ಹಲ್ಲು ಬೀಳಲಿ ಎಂದು ದಿನ ದೂಡುತ್ತಾನೆ. ಬೆಳೆದ ರೋಹಿತನು ಒಪ್ಪದೆ ಬಿಲ್ಲು ಹಿಡಿದು ಕಾಡು ಸೇರುತ್ತಾನೆ. ಹಸಿವಿನಿಂದ ಬಳಲುತ್ತಿದ್ದ ಅಜೀಗರ್ತನು ಹಿರಿಯ ಮಗನನ್ನು ತಾನು ಬಿಡಲಾರದೆ, ಕಿರಿಯನನ್ನು ತಾಯಿ ಬಿಡಲಾರದೆ, ನಡುವಣ ಶುನಃಶೇಪನನ್ನು ನೂರು ಗೋವುಗಳಿಗೆ ಮಾರುತ್ತಾನೆ. ಕಂಬಕ್ಕೆ ಕಟ್ಟಲು ಇನ್ನೊಂದು ನೂರು, ಕಡಿಯಲು ಮತ್ತೊಂದು ನೂರು ಗೋವುಗಳು ಅವನಿಗೆ ಸಲ್ಲುತ್ತವೆ. ತನ್ನನ್ನು ಮನುಷ್ಯನೆಂದೇ ಎಣಿಸದೆ ಕೊಲ್ಲಹೊರಟಿದ್ದಾರೆಂದು ಅರಿತ ಶುನಃಶೇಪನು ದೇವತೆಗಳನ್ನು ಒಬ್ಬೊಬ್ಬರಾಗಿ ಸ್ತುತಿಸಿ ಪಾಶದಿಂದ ಬಿಡುಗಡೆ ಪಡೆಯುತ್ತಾನೆ. ಆಮೇಲೆ ತಂದೆಯು ಮರಳಿ ಕರೆದಾಗ, ಮುನ್ನೂರು ಗೋವುಗಳನ್ನು ಮಗನಿಗಿಂತ ಮೇಲೆಂದು ಬಗೆದವನೊಡನೆ ಸಂಬಂಧವಿಲ್ಲವೆಂದು ನಿರಾಕರಿಸಿ, ವಿಶ್ವಾಮಿತ್ರನ ಮಗ ದೇವರಾತನಾಗುತ್ತಾನೆ. ಈ ಆಖ್ಯಾನವನ್ನು ರಾಜಸೂಯದಲ್ಲಿ ಅಭಿಷಿಕ್ತನಾದ ಅರಸನ ಮುಂದೆ ಹೇಳಬೇಕೆಂಬುದು ವಿಧಿ.

ಎರಡು ಕಥೆಗಳ ತಂದೆಯರನ್ನು ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ. ಅಜೀಗರ್ತನದು ವ್ಯಾಪಾರ, ಅಬ್ರಹಾಮನದು ಭಕ್ತಿ. ಆದರೆ ಕಂಬಕ್ಕೆ ಕಟ್ಟಿಸಿಕೊಂಡ ಮಗನಿಗೂ ಪೀಠದ ಮೇಲೆ ಮಲಗಿದ ಮಗನಿಗೂ ಕತ್ತಿಯ ಅಲಗು ಒಂದೇ. ಐತರೇಯದ ಮಗನು ಮಾತಾಡಿ ಸಂಬಂಧವನ್ನು ಕಡಿದುಕೊಂಡನು. ಆದಿಕಾಂಡದ ಮಗನು ಮೌನದಲ್ಲಿ ಉಳಿದನು. ಆ ಮೌನವನ್ನು ಸಹಿಸಲಾರದೆ ತಲೆಮಾರಿನಿಂದ ತಲೆಮಾರಿಗೆ ವ್ಯಾಖ್ಯಾನಕಾರರು ಅವನ ವಯಸ್ಸನ್ನು ಹೆಚ್ಚಿಸಿದರು, ಬಾಯಿಗೆ ಮಾತು ಕೊಟ್ಟರು, ಮನಸ್ಸಿಗೆ ಸಂತೋಷವನ್ನೂ ಕೊಟ್ಟರು. ವಿಧೇಯತೆ ಎಷ್ಟೇ ಉನ್ನತವಾಗಿರಲಿ, ಅದರ ಬೆಲೆಯನ್ನು ತೆರುವವನು ಬೇರೊಬ್ಬನಾಗಿದ್ದರೆ ಅವನನ್ನು ಕೇಳದೆ ಅದು ಪುಣ್ಯವಾಗದೆಂಬ ಅರಿವು ಮೂರು ಮತಗಳ ಶ್ರದ್ಧಾವಂತರಿಗೂ ಇತ್ತೆಂಬುದಕ್ಕೆ ಈ ವ್ಯಾಖ್ಯಾನಗಳೇ ಸಾಕ್ಷಿ.